ಸುರ್ರೆನ್ನದ ವರ ಬೇಕು

ಚಿಕ್ಕೋಡಿಯ ನಮ್ಮ ಮನೆಯಲ್ಲಿ ಯಾರಾದರೂ ಕಪ್ಪಿನ ಕೆಳಗಿನ ತಟ್ಟೆಗೆ, ಅಂದರೆ ಬಶಿಗೆ, ಸುರಿದುಕೊಂಡು ಚಹಾ ಹೀರಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸಿನ ಹಾರ್ನಾಗಲಿ, ಕಬ್ಬಿನ ಟ್ರ್ಯಾಕ್ಟರಿನ ಟೇಪಿನ ಹಾಡಾಗಲಿ ನನ್ನನ್ನು ಏನೂ ಮಾಡುತ್ತಿರಲಿಲ್ಲ. ಆ ‘ಸುರ್ರ್’ ಒಂದು ಕಿವಿಗೆ ಬಿತ್ತೆಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವಷ್ಟು ಸಿಟ್ಟು, ಅದರ ಬೆನ್ನಿಗೇ ಅಳು. ಅವ್ವ ಇದಕ್ಕೆ ಸೊಕ್ಕು ಎಂದು ಹೆಸರಿಟ್ಟಿದ್ದಳು. ಬಶಿ ಇಲ್ಲದೆ ಚಹಾ ಕೊಟ್ಟರೆ ಅವಮಾನವೆಂದು ತಿಳಿಯುವ ಸೀಮೆ ನಮ್ಮದು. ಹೀರುವ ಸಪ್ಪಳ ಜೋರಾದಷ್ಟೂ ಚಹಾ ಮಾಡಿದವಳಿಗೆ ಮರ್ಯಾದೆ.

ಎಂಬತ್ತರ ದಶಕದ ಕೊನೆಗೆ ನನಗೆ ವರ ನೋಡತೊಡಗಿದರು. ಕನ್ಯಾ ನೋಡಲು ಬಂದವರಿಗೆ ಅವಲಕ್ಕಿ, ಆಮೇಲೆ ಚಹಾ. ಕೊಟ್ಟವಳು ಅಲ್ಲಿಯೇ ತಲೆ ತಗ್ಗಿಸಿ ಕೂರಬೇಕು. ಹುಡುಗಿ ಎಷ್ಟು ಗಂಭೀರ ಎಂದು ಅವರು ಮೆಚ್ಚುತ್ತಿದ್ದರು, ನಾನು ಕಾಲ್ಬೆರಳು ಮಡಚಿ ವರನ ಬಾಯಿಗೇ ಕಿವಿ ಕೊಟ್ಟಿರುತ್ತಿದ್ದೆ. ನಿಪ್ಪಾಣಿಯ ತಂಬಾಕು ವ್ಯಾಪಾರಿಯ ಮಗ ಹೀರಿದ ರಭಸಕ್ಕೆ ಗೋಡೆಯ ಮೇಲಿನ ಹಲ್ಲಿ ಓಡಿಹೋಯಿತು. ರಾಯಬಾಗದ ಮಾಸ್ತರರು ಹೀರಿದ್ದಲ್ಲದೆ ಮೇಲೊಂದು ‘ಹಾ’ ಬೇರೆ ಹಾಕಿದರು. ಇಬ್ಬರೂ ಬೇಡವೆಂದೆ. ಕಾರಣ ಕೇಳಿ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

“ಏನಬೇ, ಚಹಾ ಕುಡಿಯೂಮುಂದ ಸಪ್ಪಳ ಮಾಡದ ಗಂಡಸನ್ನ ಎಲ್ಲಿಂದ ತರ್ಲಿ? ಇನ್ನೊಬ್ಬನ್ನ ಬ್ಯಾಡ ಅಂದ್ರ ನಾ ಹೇಳಿದವಗ ಕೊಟ್ಟಬಿಡ್ತೇನಿ, ನೋಡು!”

ಮುಂದೆ ಬಂದವರು ಅಥಣಿ ಕಡೆಯ ದ್ರಾಕ್ಷಿ ತೋಟದವರು. ಸುತ್ತ ಕೂತ ಅವನ ಕಾಕಾಗಳೆಲ್ಲ ಸುರ್ರೆನಿಸುವಾಗ ವರ ಮಾತ್ರ ಬಶಿ ಮುಟ್ಟಲಿಲ್ಲ. ಚಹಾ ಆರುವವರೆಗೆ ಕಾದು, ಬಾಯಿಯ ಒಂದೇ ಬದಿಯಿಂದ, ಸದ್ದಿಲ್ಲದೆ ಗುಟುಕರಿಸಿದ. ಎಂಥ ಸೂಕ್ಷ್ಮದ ಮನುಷ್ಯ! ಏನು ಕಲಿತಿದ್ದಾನೆ, ಹೊಲವೆಷ್ಟು, ಯಾವುದನ್ನೂ ಕೇಳದೆ ಹೂಂ ಅಂದುಬಿಟ್ಟೆ. ಅವ್ವ ಓಡಿ ಹೋಗಿ ದೇವರ ಮುಂದೆ ಸಕ್ಕರೆ ಇಟ್ಟಳು.

ಮದುವೆಯಾಗಿ ಹೋದ ಮನೆಯಲ್ಲಿ ಮೊದಲ ಬೆಳಗ್ಗೆಯೇ ಪಡಸಾಲೆಯಿಂದ ಭರ್ಜರಿ ಸುರ್ರು ಕೇಳಿತು. ಹಣಿಕಿ ನೋಡಿದೆ. ನನ್ನ ಗಂಡ!

“ಅವತ್ತ ನಮ್ಮನ್ಯಾಗ ಸುಮ್ನ ಕುಡದಿದ್ರಲ್ರಿ?” ಅಂದೆ.

“ಅದಾ? ಹಿಂದಿನ ದಿನಾನ ದವಡಿ ಹಲ್ಲ ಕೀಳಿಸಿದ್ದೆ. ಬಿಸೀದು ಬಾಯಿಗಿ ಹಿಡೀತಿರಲಿಲ್ಲ,” ಎಂದು ನಕ್ಕರು.

ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಜನ್ಮವಿಡೀ ಚಹಾದ ಹೊತ್ತಿಗೆಲ್ಲ ಈ ಮನುಷ್ಯನನ್ನು ದ್ವೇಷಿಸುತ್ತ ಬಾಳುವುದು ಹೇಗೆ? ಅವರು ಹಿಂದೆಯೇ ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಚ್ಚಿ ಅನ್ನುತ್ತಾರೆಂದು ಕಾದೆ. ಅವರು ತಲೆ ಕೆರೆದುಕೊಂಡು, “ಆತು, ನೋಡೂನು,” ಎಂದರು.

ಮರುದಿನದಿಂದ ಅವರ ಚಹಾ ಕಟ್ಟೆಯ ಮೇಲೆ ಕೆನೆಗಟ್ಟುವವರೆಗೆ ಇರತೊಡಗಿತು. ಕಷಾಯದಂತೆ ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು.

“ಹೆಂಡ್ತಿ ಬಂದಮ್ಯಾಗ ಮಗಾ ತಣ್ಣಗಾಗ್ಯಾನ,” ಎಂದು ಕಾಕಾಗಳು ಚೇಷ್ಟೆ ಮಾಡಿದರು. ನಾನು ಗೆದ್ದೆನೆಂದು ಬೀಗಿದೆ. ಚಳಿಗಾಲದ ಒಂದು ಮುಂಜಾನೆ, ದ್ರಾಕ್ಷಿಗೆ ಔಷಧ ಹೊಡೆದು ನಡುಗುತ್ತ ಬಂದವರು ಆ ತಣ್ಣನೆಯ ಕಪ್ಪಿಗೆ ಕೈ ಚಾಚಿದಾಗ ಮಾತ್ರ ನನಗೆ ನೋಡಲಾಗಲಿಲ್ಲ. ಕಪ್ಪು ಕಸಿದುಕೊಂಡು, ಕುದಿಯುವ ಚಹಾ ತಂದು ನಾನೇ ಬಶಿಗೆ ಸುರಿದೆ.

“ಕುಡೀರಿ.”

“ಮತ್ತ ನೀ?”

“ನಾ ಇಲ್ಲೇ ಕುಂಡ್ರತೇನಿ.”

ಸೆರಗು ಕಚ್ಚಿ, ಉಗುರನ್ನು ಅಂಗೈಗೆ ಒತ್ತಿ, ಆ ಬಶಿ ಬರಿದಾಗುವವರೆಗೆ ಕೂತೆ. ಅವರು ಕಣ್ಣು ಮುಚ್ಚಿ ಸುಖವಾಗಿ ಹೀರಿದರು. ಆ ಮುಖ ನೋಡಿ ಪ್ರೀತಿ ಉಕ್ಕಿತು, ಸಿಟ್ಟೂ ಅಷ್ಟೇ ಉಕ್ಕಿತು. ಅವರು ಎರಡನೇ ಬಶಿಗೆ ಸುರಿದುಕೊಳ್ಳುವಷ್ಟರಲ್ಲಿ ನಾನು ತೋಟದ ಆಚೆಯ ಬದುವಿಗೆ ಓಡಿಯಾಗಿತ್ತು.