ಪುಟ್ಟಸ್ವಾಮಣ್ಣ ಮಾಡಿದ ದಪ್ಪ ಚಾಟಿ

ಪುಟ್ಟಸ್ವಾಮಣ್ಣ ಪಂಚೆ ಎತ್ತಿ ಕಟ್ಟಿ ಕೂತರೆ ಎಡಗಾಲಿನ ಮೀನಖಂಡದ ಮೇಲೆ ಅಡ್ಡಡ್ಡ ಗೆರೆಗಳು ಕಾಣುತ್ತಿದ್ದವು. ಹೊಸಬರು ನೋಡಿದರೆ ಪೊಲೀಸರ ಕೈಗೆ ಸಿಕ್ಕಿದ್ದ ಆಸಾಮಿ ಅಂದುಕೊಳ್ಳಬೇಕು. ಅವೆಲ್ಲ ಅವರೇ ಹೊಡೆದುಕೊಂಡ ಏಟುಗಳು. ನಮ್ಮ ಪೌರಾಣಿಕ ನಾಟಕಗಳಿಗೆ ಕಿರೀಟ, ಗದೆ, ಚಾಟಿ ಮಾಡಿಕೊಡುತ್ತಿದ್ದವರು ಅವರು. ಚಾಟಿ ಮಾಡಿದರೆ ಮೊದಲ ಏಟು ಅವರ ಕಾಲಿಗೇ ಬೀಳಬೇಕು. "ನಂಗ್ ನೋವಾದ್ರೆ ಅದು ಸ್ಟೇಜ್ ಹತ್ತಲ್ಲ, ಅಷ್ಟೆ" ಅನ್ನುತ್ತಿದ್ದರು.

ನಾನು ಸಂಭಾವನೆಗೆ ರಾಣಿಯೋ ದೇವತೆಯೋ ಆಗುವವಳು. ವಿಜಯನಗರದಲ್ಲಿ ಬಾಡಿಗೆ ಮನೆ. ಗಂಡು ಪಾತ್ರಗಳನ್ನು ಕೈಯಿಂದ ಖರ್ಚು ಮಾಡಿಕೊಂಡು ಆಡುವವರು ಬೇರೆ: ಬ್ಯಾಂಕಿನವರು, ಮೇಷ್ಟ್ರುಗಳು, ಹೊಲ ಸೈಟಾಗಿ ದುಡ್ಡು ಬಂದ ಮೇಲೆ ಹುಮ್ಮಸ್ಸು ಬಂದವರು. ಇಂಥವರ ಕೈಗೆ ಚಾಟಿ ಕೊಟ್ಟರೆ ಏನಾಗುತ್ತದೆ ಅನ್ನುವುದು ಬೆನ್ನು ಕೊಟ್ಟವಳಿಗೇ ಗೊತ್ತು. ಹಾರ್ಮೋನಿಯಂ ಜೋರಾದರೆ ಸಾಕು, ಮೈಮೇಲೆ ದೇವರು ಬಂದವರ ಹಾಗೆ ಬೀಸುತ್ತಾರೆ. ಆದರೂ ಇಷ್ಟು ವರ್ಷ ನನ್ನ ಬೆನ್ನು ಬೆನ್ನಾಗಿಯೇ ಉಳಿದದ್ದು ಪುಟ್ಟಸ್ವಾಮಣ್ಣನಿಂದ. ಹತ್ತಿ ಹಗ್ಗಕ್ಕೆ ತೆಳುವಾದ ತೊಗಲು ಸುತ್ತಿ ಅವರು ಮಾಡಿದ ಚಾಟಿ ಚಟೀರ್ ಅಂತ ಇಡೀ ಹಾಲಿಗೆ ಕೇಳಿಸುತ್ತಿತ್ತು, ನನಗೆ ಮಾತ್ರ ಯಾರೋ ಸೀರೆಯ ದೂಳು ಕೊಡವಿದಷ್ಟೇ.

ಮೊದಲು ಅವರು ಬಿನ್ನಿಪೇಟೆಯ ಮಿಲ್ಲಿನಲ್ಲಿ ಯಂತ್ರದ ತೊಗಲಿನ ಬೆಲ್ಟುಗಳನ್ನು ಹೊಲಿಯುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ ನಾಯಂಡಹಳ್ಳಿಯಲ್ಲಿ ಗೋಡೌನಿನ ಹಿಂದೆ ಶೀಟಿನ ಶೆಡ್ಡು ಹಾಕಿಕೊಂಡರು. ಹೆಂಡತಿ ತೀರಿಹೋಗಿದ್ದರು, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಊಟದ ಹೊತ್ತಿಗೆ ಯಾರೇ ಹೋಗಲಿ, ಮಾಡಿಕೊಂಡ ಒಂದೇ ಮುದ್ದೆಯಲ್ಲಿ ಅರ್ಧ ಮುರಿದು ಮುಂದಿಡುವರು. ಬೇಡ ಅಂದರೆ ಸಿಟ್ಟು. ನೀವೂ ಒಂದು ಪಾತ್ರ ಮಾಡಿ ಅಂತ ರೇಗಿಸಿದರೆ, "ಹೋಗಮ್ಮ, ಲೈಟ್ ಬಿದ್ರೆ ನಂಗೆ ನಾಲ್ಗೆ ಅಂಟ್ಕೊಳುತ್ತೆ" ಅನ್ನುವರು.

ಹೆಗ್ಗನಹಳ್ಳಿಯ ಗಂಗಣ್ಣನವರು ಒಂದು ನಾಟಕಕ್ಕೆ ರಾಜ, ನಾನು ಅವರಿಂದ ಅನುಮಾನಕ್ಕೆ ಒಳಗಾಗಿ ಏಟು ತಿನ್ನುವ ರಾಣಿ. ಗಂಗಣ್ಣ ಕೆಟ್ಟವರಲ್ಲ, ಎಲ್ಲರಿಗೂ ಹೊಟ್ಟೆ ತುಂಬ ಊಟ ಹಾಕಿಸುವ ಮನುಷ್ಯ. ಆದರೆ ಮೊಬೈಲಿನಲ್ಲಿ ತಮ್ಮ ವಿಡಿಯೋ ನೋಡಿಕೊಂಡು ತಲೆ ಕೆಡಿಸಿಕೊಂಡಿದ್ದರು. "ಚಾಟಿ ನೂಲಿನ ಥರ ಕಾಣುತ್ತೆ ಕಣಣ್ಣ. ದಪ್ಪಕ್ಕೆ, ಸೆಟೆದು ನಿಲ್ಲೋ ಹಾಗೆ ಒಂದ್ ಮಾಡ್ಕೊಡು. ನಿನ್ ಬಿಟ್ರೆ ಯಾರಿಗ್ ಬರುತ್ತೆ?" ಅಂದರು. ಆ ಕೊನೆಯ ಮಾತಿಗೆ ಪುಟ್ಟಸ್ವಾಮಣ್ಣ ಉಬ್ಬಿಹೋದರು. ಮಿಲ್ಲಿನಿಂದ ತಂದು ಜೋಪಾನ ಮಾಡಿದ್ದ ಹಳೇ ಬೆಲ್ಟನ್ನು ಸೀಳಿ, ಪದರದ ಮೇಲೆ ಪದರ ಹೊಲಿದು, ಎಂದೂ ಮಾಡದಂಥ ಚಾಟಿಯೊಂದನ್ನು ಮಾಡಿದರು. ಅದು ಹೇಗಿದೆ ನೋಡು ಬಾ ಅಂತ ನನಗೆ ಫೋನ್ ಮಾಡಿದರು.

ಹೋದೆ. ಎರಡೂ ಕೈಯಲ್ಲಿ ಎತ್ತಿಕೊಟ್ಟರು. ಹಿಡಿ ಹಿಡಿದರೆ ಚಾಟಿ ಇಳಿಬೀಳಲೇ ಇಲ್ಲ, ಮುಂದಕ್ಕೆ ಚಾಚಿಕೊಂಡು ನಿಂತಿತು. ನನ್ನ ಮಣಿಕಟ್ಟು ಸೋತಿತು. "ಕಾಲಿಗ್ ಹೊಡ್ಕೊಳಕ್ಕೆ ಆಗ್ತಿಲ್ಲ ಕಣಮ್ಮ, ಬಗ್ಗಲ್ಲ ಅಂತದೆ. ನೀನೇ ಒಂದ್ ಬಿಡು" ಅಂತ ಅಂಗಿ ಬಿಚ್ಚಿ ಗೋಡೆ ಕಡೆ ತಿರುಗಿ ನಿಂತರು. ನಿಮಗೇನು ಬುದ್ಧಿ ಇದೆಯಾ ಅಂತ ಬೈದೆ. ಕೇಳಲಿಲ್ಲ. ಸುಮ್ಮನೆ ತಾಗಿಸಿದೆ. "ಗಂಗಣ್ಣ ಹಿಂಗ್ ಹೊಡೀತಾನಾ? ಕೈ ಎತ್ತಿ ಹೊಡಿ" ಅಂದರು.

ಎತ್ತಿದೆ. ಆಮೇಲೆ ಅದು ನನ್ನ ಮಾತು ಕೇಳಲಿಲ್ಲ, ಅದರ ತೂಕವೇ ನನ್ನ ಕೈಯನ್ನು ಎಳೆದುಕೊಂಡು ಹೋಯಿತು. ಚಟೀರ್ ಅನ್ನಲಿಲ್ಲ. ದಬ್ ಅಂತು, ಮೂಟೆ ಇಳಿಸಿದ ಹಾಗೆ. ಪುಟ್ಟಸ್ವಾಮಣ್ಣ ಗೋಡೆಗೆ ಹಣೆ ಕೊಟ್ಟು ನಿಂತೇ ಇದ್ದರು. ನನಗೆ ಅಳು ಬಂತು. "ನೀನ್ಯಾಕ್ ಅಳ್ತೀಯ. ಇದು ಚಾಟಿಯಲ್ಲ, ದೊಣ್ಣೆ. ನಂಗೇ ಕೊಬ್ಬು. ಹರಳೆಣ್ಣೆ ಕುಡ್ಸಿ ನೋಡ್ತೀನಿ, ಮೆತ್ತಗಾಗ್ಲಿಲ್ಲ ಅಂದ್ರೆ ಕತ್ತರಿಸಿ ಹಾಕ್ತೀನಿ" ಅಂದರು.

ಚಾಟಿ ಎಣ್ಣೆ ಕುಡಿಯುವುದಕ್ಕೆ ಮುಂಚೆಯೇ ಗಂಗಣ್ಣ ಶೆಡ್ಡಿಗೆ ಬಂದು, ಬೇಡ ಬೇಡ ಅಂದರೂ ಎತ್ತಿಕೊಂಡು ಹೋದರು. "ಮೆಲ್ಗೆ ಬೀಸ್ತೀನಿ ಬಿಡಣ್ಣ" ಅಂದರಂತೆ.

ನಾಟಕದ ದಿನ ಮಧ್ಯಾಹ್ನ, ಸೈಡ್ ವಿಂಗಿನಲ್ಲಿ ಗಂಗಣ್ಣನ ಕೈಯಲ್ಲಿ ಅದೇ ಚಾಟಿ ಇತ್ತು. ಪುಟ್ಟಸ್ವಾಮಣ್ಣ ಮೆತ್ತನೆಯ ಹಳೇ ಚಾಟಿ ತಂದು ಬೇಡಿಕೊಂಡರೂ ಗಂಗಣ್ಣ ಕೇಳಲಿಲ್ಲ. ನಾನು ಬಣ್ಣ ಹಚ್ಚಿಕೊಂಡಾಗಿತ್ತು. ಆಗ ಎದ್ದು ಹೋದರೆ ಇನ್ನು ಯಾವ ತಂಡವೂ ಕರೆಯುವುದಿಲ್ಲ. ಪುಟ್ಟಸ್ವಾಮಣ್ಣ ನನ್ನ ಹತ್ತಿರ ಬಂದು, "ಹೆದರ್ಬೇಡ. ನಾನ್ ಮಾಡಿದ್ದು, ನಾನೇ ತಿಂತೀನಿ" ಅಂದರು. ನನಗೆ ಅರ್ಥವಾಗಲಿಲ್ಲ.

ಗಂಗಣ್ಣ ಕೈ ಎತ್ತಿದ ಹೊತ್ತಿಗೆ, ಯಾರೋ ಸೈನಿಕ ಪಾತ್ರದವರ ಪೇಟ ಸುತ್ತಿಕೊಂಡ ಪುಟ್ಟಸ್ವಾಮಣ್ಣ ಒಳಗಿನಿಂದ ಬಂದು ನನಗೆ ಅಡ್ಡ ನಿಂತರು. ಏಟು ಅವರ ಭುಜಕ್ಕೆ ಬಿತ್ತು. ರಾಣಿಯನ್ನು ಕಾಪಾಡಿದ ಮುದುಕ ಸೇವಕ ಅಂದುಕೊಂಡ ಜನ ಎದ್ದು ನಿಂತು "ಒನ್ಸ್ ಮೋರ್" ಅಂತ ಕೂಗಿದರು. ನಮ್ಮಲ್ಲಿ ಒನ್ಸ್ ಮೋರ್ ಬಿತ್ತು ಅಂದರೆ ಮತ್ತೆ ಆಡಲೇಬೇಕು. ಸತ್ತ ರಾಕ್ಷಸನೂ ಎದ್ದು ಇನ್ನೊಂದು ಸಲ ಸಾಯುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಹಾಡಿನ ಹಿಂದಿನ ಸಾಲನ್ನೇ ಮತ್ತೆ ಎತ್ತಿಕೊಂಡರು. ಗಂಗಣ್ಣ ಹಿಗ್ಗಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಬೇಡ, ಹೊಡೀಬೇಡಿ" ಅಂತ ನಾನು ಅಂದದ್ದು ಮೈಕಿನಲ್ಲಿ ಕೇಳಿಸಿತು, ಅದಕ್ಕೂ ಚಪ್ಪಾಳೆ ಬಿತ್ತು. ಪುಟ್ಟಸ್ವಾಮಣ್ಣ ಪೇಟ ಸರಿಮಾಡಿಕೊಂಡು ಅದೇ ಭುಜ ಕೊಟ್ಟು ನಿಂತರು.

ಎರಡನೇ ಏಟಿಗೆ ಭುಜದ ಮೂಳೆ ಮುರಿಯಿತು. ಬಲಗೈ ಮತ್ತೆ ಮೇಲೇಳಲಿಲ್ಲ. ನಾನು ಕೊನೆಯ ಸಲ ನೋಡಲು ಹೋದಾಗ ಶೆಡ್ಡಿನಲ್ಲಿ ಜ್ವರದಲ್ಲಿ ಮಲಗಿದ್ದರು. ಮಾತಾಡುತ್ತಿರುವಾಗಲೇ ಗಂಗಣ್ಣನ ಕಡೆಯವರ ಫೋನ್ ಬಂತು: ಮುಂದಿನ ನಾಟಕಕ್ಕೂ ಆ ಸೀನ್ ಇರಲಿ ಅಂತ ಎಲ್ಲರೂ ಕೇಳುತ್ತಿದ್ದಾರೆ, ಮುದುಕಪ್ಪ ಬರಬೇಕು. ಬರುವುದಿಲ್ಲ ಅಂತ ಹೇಳಿ ನಾನೇ ಫೋನ್ ಕಟ್ ಮಾಡಿದೆ. ಪುಟ್ಟಸ್ವಾಮಣ್ಣನಿಗೆ ಸಿಟ್ಟು ಬಂತು. "ನಾನ್ ಹೋಗ್ದಿದ್ರೆ ಅದು ಯಾರ್ ಮೇಲ್ ಬೀಳುತ್ತೆ ಹೇಳು" ಅಂದರು. ಅದೇ ಜ್ವರದಲ್ಲಿ ತೀರಿಕೊಂಡರು.

ಮುಂದಿನ ಪ್ರಾಕ್ಟೀಸಿಗೆ ನಾನು ಹೆಗ್ಗನಹಳ್ಳಿಗೆ ಹೋದೆ. ಚಾಟಿ ಕುರ್ಚಿಯ ಮೇಲಿತ್ತು. ಕೈಗೆ ತಗೊಂಡೆ. "ಅಣ್ಣ, ಒಂದ್ ನಿಮಿಷ ಆ ಕಡೆ ತಿರುಗಿ" ಅಂತ ಗಂಗಣ್ಣನಿಗೆ ಅಂದೆ. "ಏನಮ್ಮ, ರಾಣಿ ರಾಜನ್ನ ಹೊಡೀತಾಳಾ?" ಅಂತ ನಗುತ್ತಲೇ ತಿರುಗಿದರು. ಹೊಡೆದೆ. ನನ್ನ ಬಲ ಹಾಕಲಿಲ್ಲ, ಅದರ ತೂಕವೇ ಸಾಕಾಯಿತು. ಗಂಗಣ್ಣ ಮಂಡಿಯೂರಿ ಕೂತುಬಿಟ್ಟರು. ಉಸಿರು ಬಂದ ಮೇಲೆ, "ಅವ್ರಿಗೂ ಹಿಂಗೇ ಬಿತ್ತಾ?" ಅಂತ ಕೇಳಿದರು. ಹೂಂ ಅಂದೆ. "ಬಾಯೇ ಬಿಡ್ಲಿಲ್ವಲ್ಲಮ್ಮ ಅವ್ರು" ಅಂತ ಅಷ್ಟು ಜನರ ಮುಂದೆ ಅತ್ತರು.

ಪುಟ್ಟಸ್ವಾಮಣ್ಣ ಇದ್ದಿದ್ದರೆ ಗಂಗಣ್ಣನ ಹತ್ತಿರ ಹೋಗಿ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ನಾನು ಹೋಗಲಿಲ್ಲ.