ಒಂದು ಹಾಡು ಕಡಿಮೆ ಮಾಡಿದ ಅಭಿಮಾನಿ

ಬೆಳಗಿನ ಐದು ಗಂಟೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕುಬೇರಪ್ಪ ಕಾದ ಮರಳಿಗೆ ಅಕ್ಕಿ ಸುರಿಯುತ್ತಾರೆ. ಅಕ್ಕಿ ಚಟಪಟ ಅರಳುತ್ತದೆ. ಅದನ್ನು ಜರಡಿಯಲ್ಲಿ ಬಾಚಿ ಪಕ್ಕಕ್ಕೆ ಸುರಿದು ಮತ್ತೆ ಅಕ್ಕಿಗೆ ಕೈ ಹಾಕುತ್ತಾರೆ. ಗೋಡೆಯ ಗೂಡಿನಲ್ಲಿ ಒಂದು ಸ್ಟೀಲ್ ಲೋಟ, ಲೋಟದೊಳಗೆ ಮೊಬೈಲು, ಮೊಬೈಲಿನಲ್ಲಿ ಹರಿಹರದ ವಾಮದೇವಪ್ಪನವರ ಹಾಡು. ಲೋಟದಲ್ಲಿಟ್ಟರೆ ದನಿ ದೊಡ್ಡದಾಗುತ್ತದಂತೆ. ಮಧ್ಯಾಹ್ನದೊಳಗೆ ಹತ್ತು ಚೀಲ ಮಂಡಕ್ಕಿ, ಮೂವತ್ತು ಹಾಡು. ಇಷ್ಟಾದರೆ ಅರವತ್ತೆರಡರ ಈ ಮನುಷ್ಯನ ದಿನದ ದುಡಿಮೆ ಮುಗಿಯುತ್ತದೆ.

ವಾಮದೇವಪ್ಪ ಯಾರು ಎಂದು ಇಂದಿನವರು ಕೇಳಿದರೆ ತಪ್ಪೇನಿಲ್ಲ. ಐವತ್ತು ವರ್ಷದ ಹಿಂದೆ ಈ ಭಾಗದ ಮದುವೆ ಚಪ್ಪರ, ಹೋಟೆಲು, ಟೂರಿಂಗ್ ಟಾಕೀಸು, ಎಲ್ಲಿ ಹೋದರೂ ಕೇಳುತ್ತಿದ್ದುದು ಅವರ ಗ್ರಾಮಫೋನ್ ತಟ್ಟೆಗಳೇ. ಅವರು ತೀರಿಕೊಂಡ ಮೇಲೆ ತಟ್ಟೆಗಳು ಗುಜರಿ ಸೇರಿದವು. ಆಗ ಇಪ್ಪತ್ತೈದರ ಹರೆಯದ ಕುಬೇರಪ್ಪ ಊರೂರು ಅಲೆದು ಅವನ್ನು ಹೆಕ್ಕತೊಡಗಿದರು. ಮಲೆಬೆನ್ನೂರಿನ ಒಂದು ಮನೆಯಲ್ಲಿ ತಟ್ಟೆ ಅಕ್ಕಿ ಡಬ್ಬಿಯ ಮುಚ್ಚಳವಾಗಿತ್ತು. ಕೊಂಡಜ್ಜಿಯಲ್ಲಿ ಇನ್ನೊಂದಕ್ಕೆ ಮುಳ್ಳು ಕೂಡಿಸಿ ಗಡಿಯಾರ ಮಾಡಿಕೊಂಡಿದ್ದರು.

"ಅವರಿಗೆ ಹೊಸ ಗಡಿಯಾರ ಕೊಡಿಸಿ ತಟ್ಟೆ ತಂದೆ. ಟೈಮು ಎಲ್ಲಿ ಬೇಕಾದ್ರೂ ಸಿಗ್ತೈತೆ, ಈ ಹಾಡು ಸಿಗಬೇಕಲ್ಲ" ಎನ್ನುತ್ತಾರೆ.

ಹಾಗೆ ಕೂಡಿದ್ದು ನೂರಾ ಹದಿನೆಂಟು ಹಾಡು. ಅವನ್ನು ಕೇಳಲೆಂದೇ ಕಟ್ಟಿದ್ದು ವಾಮದೇವಪ್ಪ ಅಭಿಮಾನಿ ಬಳಗ. ಹರಿಹರದಲ್ಲಿ ನಿವೃತ್ತ ಶಿಕ್ಷಕಿ ನೇತ್ರಾವತಿಯವರ ಪಡಸಾಲೆಯಲ್ಲಿ ತಿಂಗಳಿಗೊಂದು ಭಾನುವಾರ ಮೂವತ್ತು ಜನ ಸೇರುತ್ತಾರೆ. ಏಳುವ ಮುನ್ನ 'ಹೊಳೆಯಾಚೆ ದೀಪ ಹಚ್ಚಿದವಳೇ' ಎಂಬ ಹಾಡು ಹಾಕಲೇಬೇಕು. ಅದೊಂದಕ್ಕೇ ಬಸ್ಸು ಹತ್ತಿ ಬರುವವರಿದ್ದಾರೆ.

ತಕರಾರು ಬಂದದ್ದು ಆ ಹಾಡಿನಿಂದಲೇ. ವಾಮದೇವಪ್ಪನವರಿಗೆ ಉಬ್ಬಸವಿತ್ತು. ಸಾಲು ಮುಗಿಯುವ ಮೊದಲೇ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿದ್ದರು. ಈ ಹಾಡಿನಲ್ಲಿ ಮಾತ್ರ ಆ ಉಸಿರಿಲ್ಲ. ಬೇರೆ ಯಾರಿಗೂ ಗೊತ್ತಾಗದ್ದು ದಿನಾ ಬೆಂಕಿಯ ಮುಂದೆ ನಿಂತು ಕೇಳುವ ಕುಬೇರಪ್ಪನವರಿಗೆ ಗೊತ್ತಾಯಿತು.

"ಭಟ್ಟಿ ಹೊಗೆ ಕುಡಿದು ನನಗೂ ಉಬ್ಬಸ ಐತೆ. ಉಬ್ಬಸದವನ ಉಸಿರು ನನಗೆ ತಿಳಿಯಲ್ಲೇನ್ರಿ? ಆದ್ರೂ ಆರು ವರ್ಷ ಬಾಯಿ ಬಿಡಲಿಲ್ಲ. ನಾನು ಅವರಿಗೆ ಮರುಳಾಗಿದ್ದೇ ಈ ಹಾಡು ಕೇಳಿ. ಇದು ಅವರದಲ್ಲ ಅಂದ್ರೆ ನನ್ನ ಕಥೆ ಏನು ಅಂತ ಹೆದರಿಕೆ ಆತು."

ಕೊನೆಗೆ ಹೋದ ವರ್ಷ ಅವರು ಗುತ್ತೂರಿಗೆ ಹೋದರು. ವಾಮದೇವಪ್ಪನವರಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಅಂಜಿನಪ್ಪ ಅಲ್ಲಿದ್ದಾರೆ. ಆಮೇಲೆ ಕಾರ್ಖಾನೆ ಸೇರಿ ನಿವೃತ್ತರಾದವರು, ಈಗ ಎಂಬತ್ತರ ಆಸುಪಾಸು. ಆ ಹಾಡು ನಿಜಕ್ಕೂ ಯಾರದು ಎಂದು ಕುಬೇರಪ್ಪ ಕೇಳಿದರು. ಚಹಾ ಕುಡಿದಾದ ಮೇಲೆ ಅಂಜಿನಪ್ಪ ಹೇಳಿದರು: "ಅವತ್ತು ಅಣ್ಣಾರಿಗೆ ಗಂಟಲು ಕಟ್ಟಿತ್ತು. ಸ್ಟುಡಿಯೋದಾಗೆ ಎಲ್ಲಾರೂ ಕಾಯ್ತಿದ್ರು. ನೀನೇ ಹಾಡಿಬಿಡೋ ಅಂದ್ರು, ಹಾಡಿದೆ. ತಟ್ಟೆ ಮ್ಯಾಲೆ ಅವರ ಹೆಸರು ಬಂತು. ಈಗ ಯಾಕ ಬಿಡ್ರಿ ಅದೆಲ್ಲ." ಆಮೇಲೆ ಎರಡು ಸಾಲು ಗುನುಗಿದರು. ದನಿ ನಡುಗುತ್ತಿತ್ತು, ಹಾಡಿನ ತಿರುವುಗಳು ಅವೇ.

ಬಳಗದಲ್ಲಿ ಇದನ್ನು ಹೇಳಿದಾಗ ನೇತ್ರಾವತಿಯವರಿಗೆ ಸಿಟ್ಟು ಬಂತು. "ಆ ಹಾಡು ಹೋದ್ರೆ ನಮ್ಮ ಹತ್ರ ಏನು ಉಳೀತೈತೆ ಕುಬೇರಪ್ಪಾರೆ? ಯಾರು ಬರ್ತಾರೆ? ಅಂಜಿನಪ್ಪಾರೇ ಬ್ಯಾಡ ಅಂದಾರೆ, ನೀವು ಸುಮ್ಮನಿರ್ರಿ."

ಕುಬೇರಪ್ಪ ಸುಮ್ಮನಿರಲಿಲ್ಲ. ಗುತ್ತೂರಿಗೆ ಮತ್ತೆ ಮೂರು ಸಲ ಹೋಗಿ, ಹೆಸರು ಬಹಿರಂಗಪಡಿಸಲೂ ಕಾರ್ಯಕ್ರಮಕ್ಕೆ ಬರಲೂ ಅಂಜಿನಪ್ಪನವರನ್ನು ಒಪ್ಪಿಸಿದರು. ಈ ವರ್ಷ ವಾಮದೇವಪ್ಪನವರ ಹುಟ್ಟುಹಬ್ಬದ ಕಾರ್ಯಕ್ರಮದಲ್ಲಿ, ಯಾವತ್ತೂ ಹಿಂದೆ ಕೂತು ತಟ್ಟೆ ಬದಲಿಸುವ ಈ ಮನುಷ್ಯ ಮೊದಲ ಬಾರಿ ಮೈಕು ಹಿಡಿದರು. "ಈ ಹಾಡು ಹಾಡಿದವರು ಗುತ್ತೂರಿನ ಅಂಜಿನಪ್ಪಾರು. ನಾವು ಇಷ್ಟು ವರ್ಷ ತಪ್ಪು ಹೇಳಿದ್ವಿ" ಎಂದಷ್ಟೇ ಹೇಳಿ ತಟ್ಟೆ ಹಾಕಿದರು.

ಆರು ಜನ ಎದ್ದು ಹೋದರು. ನೇತ್ರಾವತಿಯವರೂ ಎದ್ದರು. ಆದರೆ ಬಾಗಿಲಿಗಲ್ಲ, ಕೊನೆಯ ಸಾಲಿಗೆ ಹೋಗಿ ಅಂಜಿನಪ್ಪನವರನ್ನು ಕೈಹಿಡಿದು ಮುಂದಿನ ಕುರ್ಚಿಗೆ ಕರೆತಂದರು. ಐವತ್ತೆರಡು ವರ್ಷದಲ್ಲಿ ತಮ್ಮ ಹೆಸರಿನ ಜೊತೆ ಆ ಹಾಡು ಕೇಳಿದ್ದು ಅವರಿಗೆ ಅದೇ ಮೊದಲು. ತಲೆ ತಗ್ಗಿಸಿಕೊಂಡೇ ಕೇಳಿದರು.

ಎದ್ದು ಹೋದ ಆರು ಜನ ಇನ್ನೂ ವಾಪಸ್ ಬಂದಿಲ್ಲ. ಭಟ್ಟಿಯಲ್ಲಿ ಹತ್ತನೆಯ ಚೀಲದ ಬಾಯಿ ಹೊಲಿಯುತ್ತಿದ್ದ ಕುಬೇರಪ್ಪನವರನ್ನು, ಬೇಸರವಿಲ್ಲವೇ ಎಂದು ಕೇಳಿದೆ. ದಾರ ಕಡಿದು, ಒಮ್ಮೆ ಕೆಮ್ಮಿ, ನಿಧಾನಕ್ಕೆ ಹೇಳಿದರು:

"ಬ್ಯಾಸರ ಐತೆ, ಇಲ್ಲ ಅನ್ನಲ್ಲ. ಆದ್ರೆ ಈಗ ನಮ್ಮ ವಾಮದೇವಪ್ಪಾರ ಹಾಡು ನೂರಾ ಹದಿನೇಳು. ಒಂದೂ ಎರವಲು ತಂದಿದ್ದಲ್ಲ."