ಬೀಗದ ಕೈ ನನ್ನ ಜೇಬಿನಲ್ಲಿತ್ತು

ನಮ್ಮದು ಪೂಜಾರಿಕೆಯ ಮನೆ. ಮಳವಳ್ಳಿ ಕಡೆಯ ಸಣ್ಣ ಬೆಟ್ಟವೊಂದರ ಮೇಲಿನ ಗುಡಿಗೆ ದಾಯಾದಿಗಳೆಲ್ಲ ಪಾಳಿಯ ಮೇಲೆ ಪೂಜೆ ಮಾಡುತ್ತೇವೆ. ನಾನು ಗುತ್ತಲಿನಲ್ಲಿ ಮನೆ ಮಾಡಿಕೊಂಡು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವವನು. ನನ್ನ ಪಾಲಿಗೆ ತಿಂಗಳಿಗೆ ಎರಡು ಭಾನುವಾರ. ಭಕ್ತಿ ಎಷ್ಟಿತ್ತೋ ಕಾಣೆ, ಬೆಟ್ಟದ ಹಿಂಬದಿಯ ಕಾಲುದಾರಿಯ ಮೇಲೆ ಮಾತ್ರ ವಿಪರೀತ ಹುಚ್ಚು. ಒಬ್ಬರೇ ನಡೆಯುವಷ್ಟು ಅಗಲ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಲಂಟಾನದ ಪೊದೆ, ಅದರಾಚೆ ಇಳಿಜಾರು. ನಲವತ್ತು ದಾಟಿದ ಮೇಲೆ ಕೊಂಡ ಗೇರ್ ಸೈಕಲ್ಲನ್ನು ಬೆಳಿಗ್ಗೆ ಅದೇ ದಾರಿಯಲ್ಲಿ ಮೇಲಕ್ಕೆ ತಳ್ಳಿಕೊಂಡು ಹೋಗಿ, ಪೂಜೆ ಮುಗಿಸಿ, ಅದರ ಮೇಲೆ ಕೂತು ಇಳಿಯುತ್ತಿದ್ದೆ.

"ಅತ್ತುವಾಗ ನೀನ್ ಅದ್ನ ತಳ್ತೀಯ, ಇಳೀವಾಗ ಅದು ನಿನ್ನ ತಳ್ತದೆ. ಒಬ್ರಿಗೊಬ್ರು ಸರ್ಯಾಗಿದ್ದೀರ ಕಣ್ ಮಗ," ಎಂದು ಅವ್ವ ಗೇಲಿ ಮಾಡುತ್ತಿದ್ದಳು.

ಅವ್ವನಿಗೆ ಮುಚ್ಚಿದ ಬಾಗಿಲು ಆಗದು. ಚಿಕ್ಕಂದಿನಲ್ಲಿ ಆಟದ ಭರದಲ್ಲಿ ಯಾರೋ ಅವಳನ್ನು ರಾಗಿ ತುಂಬುವ ಕೋಣೆಯೊಳಗೆ ಕೂಡಿಹಾಕಿ ಮರೆತಿದ್ದರಂತೆ. ಇವತ್ತಿಗೂ ಬಚ್ಚಲಿನ ಚಿಲಕ ಹಾಕುವುದಿಲ್ಲ, ಲಿಫ್ಟು ಹತ್ತಿದರೆ ಉಸಿರು ಕಟ್ಟಿ ಒದ್ದಾಡುತ್ತಾಳೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ.

ಆ ಭಾನುವಾರ ಅವ್ವ ಕೊಪ್ಪದ ಚಿಕ್ಕಮ್ಮನ ಜೊತೆ ಗೂಡ್ಸ್ ಆಟೋದಲ್ಲಿ ಬಂದು, ಮುಂಬದಿಯ ಮೆಟ್ಟಿಲು ಹತ್ತಿ ಗುಡಿಗೆ ಬಂದಿದ್ದಳು. ಪೂಜೆ ಮುಗಿದ ಮೇಲೆ ಹೆಂಗಸರ ಮಾತು ಮೆಟ್ಟಿಲ ಕಡೆ ಇಳಿದುಹೋಗುವುದು ಕೇಳಿಸಿತು. ನಾನು ಕಲ್ಲಿನ ಮೇಲೆ ಹಿಡಿತ ಸಿಗಲೆಂದು ಟೈರಿನ ಗಾಳಿಯನ್ನು ತುಸು ಇಳಿಸಿಕೊಂಡೆ. ಬೀಗ ಹಾಕುವ ಮುಂಚೆ ಮೂರು ಸಲ ಗಂಟೆ ಹೊಡೆದು, ಒಳಗೆ ಯಾರಿದ್ದೀರಿ ಎಂದು ಕೂಗಬೇಕೆಂಬುದು ನಮ್ಮ ಗುಡಿಯ ಪದ್ಧತಿ. ಇಳಿಯುವ ಆತುರದಲ್ಲಿ ಅದನ್ನು ನುಂಗಿಹಾಕಿ ಹೆಬ್ಬಾಗಿಲಿಗೆ ಬೀಗ ಜಡಿದೆ.

ಎರಡು ತಿರುವು ಹೇಗೋ ದಾಟಿದೆ. ಬ್ರೇಕು ಅಮುಕಿ ಅಮುಕಿ ಬೆರಳು ಜೋಮು ಹಿಡಿದಿದ್ದವು. ಮೂರನೆಯ ತಿರುವಿನಲ್ಲಿ ಮೊಣಕಾಲೆತ್ತರದ ಕಲ್ಲಿನಿಂದ ಕೆಳಕ್ಕೆ ಹಾರಿದಾಗ ಹಿಂದಿನ ಚಕ್ರ ಚೂಪಾದ ಅಂಚಿಗೆ ಬಡಿದು ಪುಸ್ಸೆಂದಿತು. ಇಳಿದು ಟೈರು ಒತ್ತಿ ನೋಡುತ್ತಿರುವಾಗಲೇ ಚಿಕ್ಕಮ್ಮನ ಫೋನು ಬಂತು.

"ನಿಮ್ಮವ್ವ ಎಲ್ಲಪ್ಪ? ಆಟೋದವ್ನು ಒಂಟವ್ನೆ."

"ನಿಮ್ ಜೊತೇಲೆ ಬಂದ್ಲಲ್ಲ?"

"ಇಲ್ಲ ಕಣಪ್ಪ. ಗುಡಿ ಅಡ್ಗೆ ಕೋಣೇಲಿ ಪಾತ್ರೆ ತೊಳ್ದು ಬತ್ತೀನಿ, ನೀವ್ ನಡೀರಿ ಅಂದ್ಲು."

ಇದ್ದ ಒಂದೇ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅವ್ವನ ಹತ್ತಿರ ಫೋನೂ ಇರಲಿಲ್ಲ. "ಐದು ನಿಮ್ಸ, ನಾನೇ ಓಯ್ತೀನಿ," ಎಂದು ಫೋನಿಟ್ಟೆ.

ಓಡಬೇಕಿತ್ತು. ಗುಡಿಗೆ ಹತ್ತು ನಿಮಿಷದ ದಾರಿಯೂ ಇರಲಿಲ್ಲ. ನಾನು ಸೈಕಲ್ಲನ್ನು ತಲೆಕೆಳಗು ಮಾಡಿ ಹಿಂದಿನ ಚಕ್ರ ಬಿಚ್ಚಿದೆ.

ಬಿಟ್ಟುಹೋದರೆ ಯಾರಾದರೂ ಎತ್ತಿಕೊಂಡು ಹೋದಾರು, ಗಾಳಿಯಿಲ್ಲದೆ ಕಲ್ಲಿನ ಮೇಲೆ ತಳ್ಳಿದರೆ ರಿಮ್ಮು ಕೆಟ್ಟೀತು, ಒಂದು ಪಂಚರ್ ಹಾಕಲು ಎಷ್ಟು ಹೊತ್ತು! ಇವೆಲ್ಲ ಆಗ ಭಾರಿ ತೂಕದ ಕಾರಣಗಳಾಗಿ ಕಂಡವು. ಟ್ಯೂಬಿನ ತೂತು ಹುಡುಕಿ, ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚು ಒತ್ತಿದೆ. ಪಂಪು ಹೊಡೆದರೆ ಟೈರು ಉಬ್ಬಿ, ಮತ್ತೆ ಮೆತ್ತಗಾಯಿತು. ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿದ ಟ್ಯೂಬು ಹಾವು ಕಚ್ಚಿದ ಹಾಗೆ ಜೋಡಿ ತೂತಾಗಿತ್ತು. ನಾನು ನೋಡಿದ್ದು ಒಂದನ್ನೇ.

ಮತ್ತೆ ಬಿಚ್ಚಿದೆ. ಬೆನ್ನಿಗೆ ಬಂಡೆ, ಮುಖಕ್ಕೆ ಲಂಟಾನದ ಮುಳ್ಳು, ಚಕ್ರವನ್ನು ತಿರುಗಿಸಿ ಹಿಡಿಯಲೂ ಜಾಗವಿಲ್ಲ. ಸಲ್ಯೂಷನ್ನು ಬೆರಳಿಗೇ ಮೆತ್ತಿಕೊಂಡಿತು. ಅವ್ವ ಅಲ್ಲಿ ಉಸಿರು ಕಟ್ಟಿ ಕೂತಿರುತ್ತಾಳೆಂದು ನನಗೆ ಗೊತ್ತಿತ್ತು, ಆದರೂ ಏಳಲಾಗಲಿಲ್ಲ. ಇಷ್ಟು ಹೊತ್ತು ಕೂತವನು ಈಗ ಎದ್ದು ಓಡಿದರೆ, ಮೊದಲೇ ಓಡಬಹುದಿತ್ತು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಒಂದೊಂದು ನಿಮಿಷ ಕಳೆದಂತೆಲ್ಲ ಏಳುವುದು ಇನ್ನಷ್ಟು ಕಷ್ಟವಾಯಿತು. ಅಂಥ ನಾಚಿಕೆಗೇಡಿನ ಇಕ್ಕಟ್ಟಿನಲ್ಲಿ ನಾನು ಹಿಂದೆಂದೂ ಸಿಕ್ಕಿಕೊಂಡಿರಲಿಲ್ಲ.

ಎರಡನೆಯ ಸಲವೂ ಗಾಳಿ ನಿಲ್ಲದಿದ್ದಾಗ ಸೈಕಲ್ಲನ್ನು ಪೊದೆಗೆ ನೂಕಿ ಓಡಿದೆ. ಅಷ್ಟರಲ್ಲಿ ಅರ್ಧ ಗಂಟೆಯ ಮೇಲಾಗಿತ್ತು.

ಅವ್ವ ಅಡುಗೆ ಕೋಣೆಯ ಗೋಡೆಗೆ ಒರಗಿ, ಅಂಗೈಯಗಲದ ಕಿಂಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ರವಿಕೆಯೆಲ್ಲ ಬೆವರಿಗೆ ತೊಯ್ದಿತ್ತು. ಬೆರಳು ಬಿಡಿಸಿ ನೀರು ಕುಡಿಸಿದೆ. ಬಾಗಿಲಾಚೆಗೆ ಕರೆತಂದು ಕೂರಿಸಿದೆ.

"ಮೊದ್ಲು ಜೀವ ಓಯ್ತು ಅಂದ್ಕಂಡೆ," ಎಂದಳು. "ಆಮೇಲೆ ಕಿಂಡೀಲಿ ನೀನ್ ಕಾಣ್ಸಿದೆ. ಕೂಗ್ದೆ, ಗಾಳೀಗೆ ಕೇಳ್ನಿಲ್ಲ ಅಂತ ಕಾಣ್ತದೆ. ಎಲ್ಡು ಸಲ ಚಕ್ರ ಬಿಚ್ದೆ, ಎಲ್ಡು ಸಲ ಪಂಪ್ ಒಡ್ದೆ. ನೋಡ್ತಾನೆ ಇದ್ದೆ. ನನ್ ಮಗ ಅಲ್ಲೇ ಅವ್ನಲ್ಲ ಅಂತ ಉಸ್ರು ಇಡ್ಕಂಡಿದ್ದೆ."

ಒಳಗೆ ಹೋಗಿ ಆ ಕಿಂಡಿಗೆ ಕಣ್ಣಿಟ್ಟೆ. ಮೂರನೆಯ ತಿರುವು ಅಂಗಳದ ಹಾಗೆ ನಿಚ್ಚಳವಾಗಿತ್ತು. ನಾನು ಬಿಸಾಡಿ ಬಂದ ಪಂಪು ಕೂಡ ಕಾಣುತ್ತಿತ್ತು.

ಹೊರಗೆ ಬಂದಾಗ ಅವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೈಗೆ ಮೆತ್ತಿದ್ದ ಗ್ರೀಸನ್ನು ಸೆರಗಿನಿಂದ ಒರೆಸತೊಡಗಿದಳು.

"ಪಾಪ, ನಾನ್ ಒಳಗಿರೋದು ಆಗ ನಿಂಗೆ ಗೊತ್ತಿರ್ನಿಲ್ಲ, ಅಲ್ವಾ ಮಗ?"

"ಇಲ್ಲ ಕಣವ್ವ," ಅಂದೆ. "ಗೊತ್ತಿರ್ನಿಲ್ಲ."